ಕಾಲ್‌ಶೀಟ್: ಪದ ಒಂದು, ಲೆಕ್ಕ ಹಲವು

ಮಾನ್ಯರೆ,

‘ನಾಯಕ 30 ದಿನ ಕಾಲ್‌ಶೀಟ್ ಕೊಟ್ಟರು’ ಎಂದು ಸಿನಿಮಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ಇಲ್ಲಿ ಅದು ಕಲಾವಿದರು ಒಪ್ಪಿಕೊಟ್ಟ ದಿನಗಳು. ಹಾಲಿವುಡ್‌ನಲ್ಲಾದರೋ ಅದು ಶೂಟಿಂಗ್‌ನ ಹಿಂದಿನ ಸಂಜೆ ಸಹಾಯಕ ನಿರ್ದೇಶಕರು ಹಂಚುವ ಹಾಳೆ: ಸ್ಥಳ, ದೃಶ್ಯದ ಸಂಖ್ಯೆ, ಯಾರು ಎಷ್ಟು ಗಂಟೆಗೆ ಮೇಕಪ್‌ಗೆ ಕೂರಬೇಕು, ಎಲ್ಲ ಅದರಲ್ಲಿ. ನಮ್ಮ ಕಾರ್ಮಿಕರಿಗೋ ಅದು ಪಾಳಿಯ ಲೆಕ್ಕ. ಹೊತ್ತು ಮೀರಿದರೆ ‘ಒಂದೂವರೆ ಕಾಲ್‌ಶೀಟ್’ ಬಟವಾಡೆ.

ಜಗಳ ಹುಟ್ಟುವುದು 30 ದಿನ ಸತತವೋ ಬಿಡಿಬಿಡಿಯೋ, ಪ್ರಯಾಣದ ದಿನವೂ ಸೇರಿದೆಯೋ ಎಂದು ಕರಾರಿನಲ್ಲಿ ಬರೆಯದಿದ್ದಾಗ. ಬಿಡಿ ದಿನಗಳಾದರೆ ನಟ ನಡುವೆ ಇನ್ನೊಂದು ಚಿತ್ರಕ್ಕೆಂದು ಗಡ್ಡ ಬೋಳಿಸಿ ಬರುತ್ತಾನೆ, ಕಂಟಿನ್ಯುಟಿ (ದೃಶ್ಯದಿಂದ ದೃಶ್ಯಕ್ಕೆ ವೇಷ, ರೂಪ ಹೊಂದಿಕೆಯಾಗುವುದು) ಕೆಟ್ಟಿತು! ಇಬ್ಬರು ಕಲಾವಿದರು ಒಟ್ಟಿಗೆ ನಟಿಸುವ ಕಾಂಬಿನೇಷನ್ ದೃಶ್ಯಕ್ಕಂತೂ ಇಬ್ಬರ ದಿನಗಳೂ ಕೂಡಿಬರಬೇಕು.

— ನಿರ್ಮಾಣ ನಿರ್ವಾಹಕರೊಬ್ಬರು, ಬೆಂಗಳೂರು