ದುಡ್ಡು ಹೋಗದಿದ್ದರೂ ದೂರು ತಗೊಳ್ಳಿ

ಮಾನ್ಯ ಸಂಪಾದಕರೇ,

ತೊಗರಿ ಮಾರಿದ ಮೇಲೆ ಟ್ರ್ಯಾಕ್ಟರ್ ಸಾಲ ಕೇಳಲು ಬ್ಯಾಂಕಿಗೆ ಹೋಗಿದ್ದೆ. ಮ್ಯಾನೇಜರ್ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನನ್ನ ಹೆಸರು, ನನ್ನ ಪ್ಯಾನ್ ನಂಬರ್, ಅದರ ಮುಂದೆ ನಾನು ಹೆಸರೇ ಕೇಳದ ಕಂಪನಿಯೊಂದರ 40 ಸಾವಿರ ಸಾಲ. ಕಂತು ಕಟ್ಟದೆ 7 ತಿಂಗಳು. ಮೊಬೈಲ್ ನಂಬರ್ ಮಾತ್ರ ಯಾರದೋ.

ನೇರ ಪೊಲೀಸ್ ಠಾಣೆಗೆ ಹೋದೆ. ‘ನಿಮ್ಮ ರೊಕ್ಕ ಏನೂ ಹೋಗಿಲ್ಲಲ್ರೀ, ಮತ್ತ ಕಂಪ್ಲೇಂಟ್ ಯಾಕ?’ ಅಂದರು. ಆ ಮಾತಿಗಾಗಿಯೇ ಈ ಪತ್ರ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಪ್ರಕಾರ ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸುವುದೇ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ರೊಕ್ಕ ಹೋಗಿರಲೇಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ.

ಸಾಲ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ ಅವರು ಮೊದಲು ಕೇಳಿದ್ದು ಪೊಲೀಸ್ ದೂರಿನ ಪ್ರತಿಯನ್ನೇ! ಕೊನೆಗೆ ಮಗಳು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿದಳು. ಆ ದೂರಿನ ನಂಬರ್ ಹಿಡಿದು ಕಲಬುರಗಿಗೆ ಬಂದು ಸೈಬರ್ ಠಾಣೆಯಲ್ಲಿ ಕೂತ ಮೇಲೆ ಕೆಲಸ ಸಾಗಿತು. (ಖಾತೆಯಿಂದ ಹಣವೇ ಹೋಗಿದ್ದರೆ ಮೊದಲು 1930ಕ್ಕೆ ಫೋನ್ ಮಾಡಿ, ಆಗ ಒಂದೊಂದು ನಿಮಿಷವೂ ಲೆಕ್ಕ.) ಎಲ್ಲರ ಸಾಲದ ಲೆಕ್ಕ ಇಡುವ ಸಿಬಿಲ್ ಕಂಪನಿಗೂ ತಕರಾರು ಸಲ್ಲಿಸಿದೆ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವಿದೆ. ಇದನ್ನು ಪತ್ರದಲ್ಲೇ ಬರೆದೆ. ಬರೆದ ಮೇಲೆ ಉತ್ತರ ಸ್ವಲ್ಪ ಬೇಗ ಬಂತು ಅನ್ನಿ.

ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ತೋರಿಸುವ ಸರ್ಕಾರಿ ವೆಬ್‌ಸೈಟ್ ಸಂಚಾರ್ ಸಾಥಿಯಲ್ಲಿ ನೋಡಿದರೆ ನನ್ನ ಹೆಸರಲ್ಲಿ ಇನ್ನೂ 2 ಸಿಮ್! ‘ನನ್ನ ನಂಬರ್ ಅಲ್ಲ’ ಅಂತ ಗುರುತು ಹಾಕಿ ಬಂದ್ ಮಾಡಿಸಿದೆ. ಆಧಾರ್ ಬೆರಳಚ್ಚಿಗೂ ಲಾಕ್ ಹಾಕಿಸಿದೆ.

ಇದೆಲ್ಲ ಎಲ್ಲಿಂದ ಸೋರಿತೋ ಗೊತ್ತಿಲ್ಲ. ಆದರೆ ಮೊನ್ನೆ ಗಂಜ್ ಹತ್ತಿರ ಸುಸಲಾ ತಿಂದು ಮಿರ್ಚಿ ಕಟ್ಟಿಸಿಕೊಂಡೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಎಣ್ಣೆ ಹೀರಿದ ಹಾಳೆಯಲ್ಲಿ ಯಾವುದೋ ತಾಯಿಯ ಆಧಾರ್, ಫೋಟೊ ಸಮೇತ. ಜೆರಾಕ್ಸ್ ಅಂಗಡಿಯಲ್ಲಿ ಮಸುಕಾಗಿ ಬಂದ ಪ್ರತಿಯನ್ನು ನಾವು ಸುಮ್ನೆ ಅಲ್ಲೇ ಬಿಟ್ಟು ಬರುತ್ತೇವೆ, ಅಲ್ವಾ? ಈಗ ನಾನು ಹರಿದು ಜೇಬಿಗೆ ಹಾಕಿಕೊಳ್ಳುತ್ತೇನೆ. ಕೊಡುವ ಪ್ರತಿಯ ಮೇಲೆ ಅಡ್ಡಗೆರೆ ಎಳೆದು, ಯಾವ ಕೆಲಸಕ್ಕೆ ಅಂತ ತಾರೀಖು ಸಮೇತ ಬರೆಯುತ್ತೇನೆ. ಅಂಗಡಿಯವ ನಗುತ್ತಾನೆ, ನಗಲಿ.

ನನ್ನ ಮಗಳಿಗೆ ಕಂಪ್ಯೂಟರ್ ಗೊತ್ತಿತ್ತು, ಹೀಗಾಗಿ ನಡೆಯಿತು. ಆಳಂದ, ಸೇಡಂ, ಜೇವರ್ಗಿ ಕಡೆಯ ಹಳ್ಳಿಯವರು ಮೊದಲು ಹೋಗುವುದು ಹತ್ತಿರದ ಠಾಣೆಗೇ. ಅಲ್ಲಿ ಇಂಥ ದೂರು ತಗೊಂಡು, ಅವತ್ತೇ ಒಂದು ಸ್ವೀಕೃತಿ ಚೀಟಿ ಕೊಡುವಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಎಲ್ಲ ಠಾಣೆಗಳಿಗೂ ತಿಳಿಸಬೇಕು.

— ಒಬ್ಬ ತೊಗರಿ ಬೆಳೆಗಾರ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ