ಗಾಡಿಗೆ ಬ್ರೇಕ್ ಇನ್‌ಸ್ಪೆಕ್ಟರ್ ಇದ್ದಾರೆ, ರಸ್ತೆಗೆ ಯಾರು?

ಮಾನ್ಯ ಸಂಪಾದಕರೇ,

ನಾನು ಸರ್ಕಾರಿ ಬಸ್ಸಿನ ನಿವೃತ್ತ ಚಾಲಕ. 31 ವರ್ಷ ಬಸ್ ಓಡಿಸಿದ್ದೇನೆ. ಮಳೆಗಾಲದ ರಾತ್ರಿಗಳಲ್ಲಿ ಶಿರಾಡಿ, ಚಾರ್ಮಾಡಿ ಘಾಟಿ ಇಳಿಸಿದ್ದೇನೆ. ಒಂದೇ ಒಂದು ಆಕ್ಸಿಡೆಂಟ್ ಕೇಸು ನನ್ನ ಮೇಲಿರಲಿಲ್ಲ. ಮೊದಲ ಕೇಸು ಬಿದ್ದದ್ದು ರಿಟೈರ್ ಆದ ಮೇಲೆ, ಮನೆಯಿಂದ ಇನ್ನೂರು ಅಡಿ ದೂರದಲ್ಲಿ, ಸ್ಕೂಟರ್ ಓಡಿಸುವಾಗ.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ. ಹೂವು, ಬಾಳೆಕಂದು ತಗೊಂಡು ಬರುತ್ತಿದ್ದೆವು. ನಮ್ಮ ಮನೆಯವರು ಹಿಂದೆ ಕೂತಿದ್ದರು. ನಾವು ಯಾವಾಗಲೂ ಮೂರನೇ ಕ್ರಾಸಿನಿಂದ ಬರುವವರು. ಅವತ್ತು ಅಲ್ಲಿ ಯಾರೋ ಮನೆ ಕಟ್ಟಲು ಜಲ್ಲಿ ಸುರಿಸಿದ್ದರು. ನಾಲ್ಕನೇ ಕ್ರಾಸಿಗೆ ತಿರುಗಿಸಿದೆ. ಅಲ್ಲಿ ದೀಪದ ಕಂಬಗಳಿವೆ, ದೀಪ ಉರಿಯುವುದಿಲ್ಲ. ಒಳಚರಂಡಿಯ ಚೇಂಬರ್ ಮುಚ್ಚಳ ರಸ್ತೆಗಿಂತ ಮುಕ್ಕಾಲು ಅಡಿ ಕೆಳಗೆ ಕೂತಿದೆ. ಮೇಲೆ ಮಳೆ ನೀರು ನಿಂತಿತ್ತು. ಮುಂದಿನ ಚಕ್ರ ಇಳಿಯಿತು, ಅಷ್ಟೇ. ನನಗೆ ಮೊಣಕೈ ತರಚಿತು. ಅವರಿಗೆ ಸೊಂಟದ ಮೂಳೆ ಮುರಿಯಿತು. ಆಪರೇಷನ್, ಮೂರು ತಿಂಗಳು ಹಾಸಿಗೆ.

ಆಸ್ಪತ್ರೆಯಿಂದ ಠಾಣೆಗೆ ಮಾಹಿತಿ ಹೋಯಿತು. ಕೇಸು ನನ್ನ ಮೇಲೆಯೇ ಆಯಿತು. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 281, 125. ಅಜಾಗರೂಕ ಚಾಲನೆ. ಸ್ಥಳ ಮಹಜರಿನ ನಕ್ಷೆ ನೋಡಿದೆ. ಅದರಲ್ಲಿ ನನ್ನ ಸ್ಕೂಟರ್ ಇದೆ, ಕಾಂಪೌಂಡ್ ಇದೆ, ತೆಂಗಿನ ಮರವೂ ಇದೆ. ಚೇಂಬರ್ ಇಲ್ಲ! ಬ್ರೇಕ್ ಇನ್‌ಸ್ಪೆಕ್ಟರ್ ಬಂದು ಸ್ಕೂಟರಿನ ಬ್ರೇಕ್ ನೋಡಿದರು, ಸರಿಯಿದೆ ಎಂದು ಬರೆದರು. ಅವರು ಅವರ ಕೆಲಸ ಮಾಡಿದರು, ತಪ್ಪೇನಿಲ್ಲ. ಆದರೆ ರಸ್ತೆಯನ್ನು ಯಾರು ನೋಡಿದರು? ಟೇಪ್ ಹಿಡಿದು ಆ ಗುಂಡಿಯ ಆಳ ಅಳೆಯುವವರು ಯಾರೂ ಬರಲಿಲ್ಲ.

ನಮ್ಮ ಬಡಾವಣೆ ಮಾಡಿ ಸೈಟು ಮಾರಿದ ಡೆವಲಪರ್ ಹತ್ತಿರ ಹೋದೆ. "ಲೇಔಟ್ ಆಗಲೇ ಹಸ್ತಾಂತರ ಆಗಿದೆ, ಕಚೇರಿಗೆ ಹೋಗಿ" ಎಂದರು. ನಾವು ಕಂದಾಯ ಕಟ್ಟುವ ಸ್ಥಳೀಯ ಆಡಳಿತದ ಕಚೇರಿಗೆ ಹೋದೆ. "ಕಾಗದ ಬಂದಿದೆ, ಕೆಲಸ ಪೂರ್ತಿ ಆಗಿಲ್ಲ, ಹಾಗಾಗಿ ನಾವು ತಗೊಂಡಿಲ್ಲ" ಎಂದರು. ಹೀಗೆ ಎಂಟು ತಿಂಗಳು. ಸೈಟು ಮಾರುವಾಗ ರಸ್ತೆ ಅವರದು. ಕಂದಾಯ ಕಟ್ಟಿಸಿಕೊಳ್ಳುವಾಗ ಊರು ಇವರದು. ಬಿದ್ದಾಗ ಮಾತ್ರ ರಸ್ತೆಗೆ ಯಾರೂ ದಿಕ್ಕಿಲ್ಲ. ಇದು ಯಾವ ನ್ಯಾಯ?

ನನ್ನ ತಮ್ಮನ ಮಗ ವಕೀಲ. ಅವನು ಹೇಳಿಕೊಟ್ಟದ್ದನ್ನು ನಮ್ಮಂಥ ಬಡಾವಣೆಗಳಲ್ಲಿ ಇರುವವರಿಗಾಗಿ ಬರೆಯುತ್ತೇನೆ. ಮನೆ, ಸೈಟು ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆಯಲ್ಲಿ ರಸ್ತೆ, ಫುಟ್‌ಪಾತ್, ಚರಂಡಿ, ಬೀದಿ ದೀಪ ಎಲ್ಲವೂ ಡೆವಲಪರ್ ಮಾಡಿಕೊಡಬೇಕಾದ ಕೆಲಸದ ಪಟ್ಟಿಯಲ್ಲೇ ಇವೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ನಾವು ತಿಳಿಸಿದರೆ, 30 ದಿನದಲ್ಲಿ ಅವರದೇ ಖರ್ಚಿನಲ್ಲಿ ಸರಿಮಾಡಬೇಕು. ಕಲಂ 14(3). ನಮಗೆ ಸೈಟು ಸಿಕ್ಕಿ ಇನ್ನೂ ನಾಲ್ಕು ವರ್ಷ. ಈ ಕಲಂ ಗೊತ್ತಿಲ್ಲದೆ ನಮ್ಮ ಬೀದಿಯವರು ಕೈಯಿಂದ ದುಡ್ಡು ಹಾಕಿ ಎರಡು ಸಲ ಗುಂಡಿ ಮುಚ್ಚಿಸಿದ್ದೇವೆ. ಈಗ ಹದಿನಾಲ್ಕು ಸೈಟಿನವರು ಸೇರಿ ದೂರು ಬರೆಯುತ್ತಿದ್ದೇವೆ.

ಇನ್ನು ಮೋಟಾರು ವಾಹನ ಕಾಯ್ದೆ. 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಂ ಬಂತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಸರಿಯಿಲ್ಲದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಹೊಣೆಗಾರರಿಗೆ ದಂಡ. ಎಷ್ಟು? ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಅದೂ ಒಂದು ನಿಧಿಗೆ ಹೋಗುತ್ತದೆ, ಬಿದ್ದವರ ಕೈಗಲ್ಲ. ಹೊಣೆಗಾರರ ಪಟ್ಟಿಯಲ್ಲಿ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ ಎಲ್ಲ ಇದ್ದಾರೆ. ಲೇಔಟ್ ಮಾಡಿ ಮಾರುವ ಡೆವಲಪರ್ ಎಂಬ ಹೆಸರೇ ಅಲ್ಲಿಲ್ಲ. ನನ್ನಂಥ ಚಾಲಕನ ಅಜಾಗರೂಕತೆಯಿಂದ ಒಂದು ಜೀವ ಹೋದರೆ ಐದು ವರ್ಷದವರೆಗೆ ಜೈಲು ಆಗಬಹುದು. ಆಗಲಿ, ಅದನ್ನು ಒಪ್ಪುತ್ತೇನೆ. ಸ್ಟೇರಿಂಗ್ ಹಿಡಿದವನಿಗೆ ಆ ಭಯ ಇರಬೇಕು. ಟಾರು ಹಾಕಿದವರಿಗೂ ಸ್ವಲ್ಪ ಭಯ ಬೇಡವೇ?

ಕೋರ್ಟುಗಳು ಸುಮ್ಮನಿಲ್ಲ. ಒಳ್ಳೆಯ ರಸ್ತೆ ಜೀವಿಸುವ ಹಕ್ಕಿನ ಭಾಗ ಎಂದು ನಮ್ಮ ಹೈಕೋರ್ಟ್ 2019ರಲ್ಲೇ ಹೇಳಿದೆ. ಗುಂಡಿಯಿಂದ ಪೆಟ್ಟಾದವರು ಪರಿಹಾರ ಕೇಳಬಹುದು ಎಂದು ಜನರಿಗೆ ಪ್ರಚಾರ ಮಾಡಿ ಎಂದು ಬಿಬಿಎಂಪಿಗೆ ಆದೇಶಿಸಿತ್ತು. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್ ಇನ್ನೂ ಮುಂದೆ ಹೋಯಿತು. ಗುಂಡಿ ಅಥವಾ ತೆರೆದ ಮ್ಯಾನ್‌ಹೋಲ್‌ನಿಂದ ಸತ್ತವರ ಮನೆಯವರಿಗೆ 6 ಲಕ್ಷ, ಗಾಯಗೊಂಡವರಿಗೆ 50 ಸಾವಿರದಿಂದ ಎರಡೂವರೆ ಲಕ್ಷ ಕೊಡಿ, ಆ ಹಣವನ್ನು ತಪ್ಪು ಮಾಡಿದ ಅಧಿಕಾರಿ, ಗುತ್ತಿಗೆದಾರರಿಂದ ವಸೂಲಿ ಮಾಡಿ ಎಂದಿತು. ನಮ್ಮ ರಾಜ್ಯದ ಪ್ರತಿ ಊರಿಗೂ ಇಂಥದ್ದೇ ಒಂದು ನಿಯಮ ಬೇಕು. ಬೆಂಗಳೂರಿಗೆ ಮಾತ್ರ ಅಲ್ಲ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಆಕ್ಸಿಡೆಂಟ್ ಆದಾಗ ಮಹಜರಿನಲ್ಲಿ ರಸ್ತೆಯ ಸ್ಥಿತಿಯನ್ನೂ ಬರೆಯಿರಿ. ಗುಂಡಿ ಇದ್ದರೆ ಅಳತೆ ಬರೆಯಿರಿ. ಪ್ರತಿ ಬಡಾವಣೆಯ ಬಾಯಲ್ಲಿ ಒಂದು ಬೋರ್ಡ್ ಹಾಕಿ: ಈ ರಸ್ತೆಗೆ ಇವತ್ತು ಹೊಣೆ ಯಾರು, ಯಾವ ದಿನದವರೆಗೆ, ಯಾವ ನಂಬರಿಗೆ ಫೋನ್ ಮಾಡಬೇಕು. ಹಸ್ತಾಂತರ ಆಗುವವರೆಗೂ ಅಲ್ಲಿ ಡೆವಲಪರ್ ಹೆಸರೇ ಇರಲಿ.

ನಮ್ಮ ಮನೆಯವರು ಈಗ ವಾಕರ್ ಹಿಡಿದು ಗೇಟಿನವರೆಗೆ ಬರುತ್ತಾರೆ. ಆ ಚೇಂಬರ್ ಇನ್ನೂ ಹಾಗೇ ಇದೆ. ನಾನೇ ಸುತ್ತ ಸುಣ್ಣ ಬಳಿದು, ಬೇವಿನ ಕೊಂಬೆ ನೆಟ್ಟು, ಅದಕ್ಕೆ ಕೆಂಪು ಬಟ್ಟೆ ಕಟ್ಟಿದ್ದೇನೆ. ಕೊಂಬೆ ಒಣಗಿದಾಗ ಬದಲಾಯಿಸುತ್ತೇನೆ. ರಾತ್ರಿ ನಾಲ್ಕನೇ ಕ್ರಾಸಿಗೆ ಬರುವವರು ದಯವಿಟ್ಟು ಎಡಕ್ಕೆ, ನಿಧಾನವಾಗಿ ಬನ್ನಿ.

ಇತಿ,
ಒಬ್ಬ ನಿವೃತ್ತ ಬಸ್ ಚಾಲಕ