ಕದ್ದು ಕೊಡುವ ಮದ್ದು ಬೇಡ ಮಗಳೇ

ಪ್ರೀತಿಯ ಪುಟ್ಟಿಗೆ,

ಅಳಿಯಂದಿರ ಕುಡಿತ ಬಿಡಿಸಲು ಯಾರೋ ಒಂದು ಪುಡಿ ಹೇಳಿದ್ದಾರೆ, ಅವರಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಬೇಕಂತೆ, ಬೆರೆಸಲಾ ಅಂತ ಕೇಳಿದ್ದೀಯ. ಬೇಡ ಮಗಳೇ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮನೆಯಲ್ಲಿ ಎಲ್ಲರ ಎದುರು ನಿನಗೆ ಮಾತಾಡಲು ಆಗುವುದಿಲ್ಲ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ಅಂಥ ಪುಡಿಗಳ ಪೊಟ್ಟಣದಲ್ಲಿ ಏನಿದೆ ಅಂತ ಮಾರುವವರು ಹೇಳುವುದಿಲ್ಲ. ಕೆಲವು ಮನೆಗಳಲ್ಲಿ ಡೈಸಲ್ಫಿರಾಮ್ ಮಾತ್ರೆಯನ್ನೇ ಪುಡಿ ಮಾಡಿ ಊಟದಲ್ಲಿ ಹಾಕುವುದೂ ಉಂಟು. ಅದು ನಿಜವಾದ ಔಷಧಿ, ಡೆನ್ಮಾರ್ಕಿನ ಸಂಶೋಧಕರು 1940ರ ದಶಕದಲ್ಲಿ ಕಂಡುಕೊಂಡದ್ದು. ಕುಡಿದದ್ದನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾಡುತ್ತದೆ, ಆಮೇಲೆ ಆ ವಿಷವನ್ನೂ ಕರಗಿಸುತ್ತದೆ. ಈ ಮಾತ್ರೆ ಎರಡನೇ ಕೆಲಸವನ್ನು ತಡೆಯುತ್ತದೆ. ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಜೀವ ಹೋಗುವುದೂ ಉಂಟು. ಗೊತ್ತಿದ್ದು ನುಂಗಿದವರು ಕುಡಿಯುವ ಮುಂಚೆ ಯೋಚಿಸುತ್ತಾರೆ. ಗೊತ್ತಿಲ್ಲದ ಮನುಷ್ಯ ಎಂದಿನ ಹಾಗೆ ಹೋಗಿ ಕುಡಿಯುತ್ತಾನೆ. ಅದಕ್ಕೇ ವೈದ್ಯರು ರೋಗಿಯನ್ನು ಕೂರಿಸಿಕೊಂಡು, ಎಲ್ಲ ವಿವರಿಸಿ, ಅವರು ಒಪ್ಪಿದ ಮೇಲೆಯೇ ಬರೆದುಕೊಡುತ್ತಾರೆ.

ಹಾಗಂತ ‘ನಾಳೆಯಿಂದ ಒಂದು ತೊಟ್ಟೂ ಮುಟ್ಟಬೇಡಿ’ ಅಂತ ಆಣೆ ಹಾಕಿಸಿ ಮನೆಯಲ್ಲಿ ಕೂರಿಸಲೂ ಬೇಡ. ಅಳಿಯಂದಿರು ದಿನಾ ಕುಡಿಯುತ್ತಾರೆ, ಬೆಳಿಗ್ಗೆ ಕೈ ನಡುಗುತ್ತದೆ ಅಂತ ನೀನೇ ಬರೆದಿದ್ದೀಯ. ಅಂಥವರು ಏಕಾಏಕಿ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಬುದ್ಧಿ ಭ್ರಮಣೆಯೂ ಆಗಬಹುದು. ನಾನು ನರ್ಸ್ ಆಗಿದ್ದಾಗ ವಾರ್ಡಿನಲ್ಲಿ ನೋಡಿದ್ದೇನೆ. ದೇವರ ಮೇಲೆ ಆಣೆ ಮಾಡಿ ಕುಡಿತ ನಿಲ್ಲಿಸಿದ ಒಬ್ಬರು ಬೆಡ್‌ಶೀಟಿನ ಮೇಲೆ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಕೆಳಗೆ ಹಾಕುತ್ತಿದ್ದರು. ಮೈಯೆಲ್ಲ ಬೆವರು. ಪಕ್ಕದಲ್ಲಿ ನಿಂತ ಹೆಂಡತಿಯ ಗುರುತೂ ಸಿಗುತ್ತಿರಲಿಲ್ಲ. ಸರಿಯಾದ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಬಿದ್ದ ಮೇಲೆ ಹುಷಾರಾದರು. ಮನೆಯಲ್ಲೇ ಇದ್ದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ. ಹಾಗಾಗಿ ಮೊದಲು ಡಾಕ್ಟರು. ಇದರಲ್ಲಿ ಮಾತ್ರ ರಾಜಿ ಬೇಡ.

ಡಾಕ್ಟರು ಮೈಯಿಂದ ಕುಡಿತದ ನಂಜು ಇಳಿಸುವುದು ಕೆಲವು ದಿನಗಳ ಕೆಲಸ. ಆಮೇಲಿನ ಸಂಜೆಗಳೇ ಕಷ್ಟ. ಅಲ್ಲಿ ನೂರು ದಾರಿಗಳಿವೆ, ಯಾವುದು ಅವರಿಗೆ ಹೊಂದುತ್ತದೋ ಅದನ್ನು ಅವರೇ ಆರಿಸಲಿ.

ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರುವುದು ಧರ್ಮಸ್ಥಳದವರ ಮದ್ಯವರ್ಜನ ಶಿಬಿರ. ಊರಿನ ಕಲ್ಯಾಣ ಮಂಟಪದಲ್ಲೋ ಸಭಾಭವನದಲ್ಲೋ ಎಂಟು ದಿನ ನಡೆಸುತ್ತಾರೆ. ಯೋಗ, ಭಜನೆ, ಆಪ್ತಸಲಹೆ ಇರುತ್ತದೆ, ಮನೆಯವರನ್ನೂ ಕರೆಸಿ ಮಾತಾಡಿಸುತ್ತಾರೆ. ನನಗೆ ಇಷ್ಟವಾಗುವುದು ಆ ಎಂಟು ದಿನಕ್ಕಿಂತ ಆಮೇಲಿನ ನವಜೀವನ ಸಮಿತಿ. ಶಿಬಿರ ಮುಗಿಸಿದವರು ಆಮೇಲೂ ಸೇರುತ್ತಾರೆ, ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಜೊತೆಗೆ ಕುಡಿದವನೇ ‘ಏನೋ, ಹೇಗಿದ್ದೀಯ?’ ಅಂತ ಬಾಗಿಲಿಗೆ ಬಂದು ಕೇಳಿದರೆ, ಆ ಮಾತಿಗೆ ನಮ್ಮೆಲ್ಲರ ಬುದ್ಧಿಮಾತಿಗಿಂತ ತೂಕ ಜಾಸ್ತಿ.

ಭಜನೆ ಅಳಿಯಂದಿರಿಗೆ ಹಿಡಿಸದಿರಬಹುದು. ಹಾಗಾದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಇದೆ, ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಸೇರಿ ಮಾತಾಡಿಕೊಳ್ಳುವ ಗುಂಪು. ಅಮೆರಿಕದ ಆಕ್ರನ್ ಊರಿನಲ್ಲಿ 1935ರಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ್ದು. ಅವರಲ್ಲೊಬ್ಬರು ಸ್ವತಃ ಡಾಕ್ಟರು. ಬೆಂಗಳೂರಿನಲ್ಲಿ ಇದರ ಸಭೆಗಳು ನಡೆಯುತ್ತವೆ. ಫೀಸಿಲ್ಲ, ಯಾರ ಮಗ, ಎಲ್ಲಿ ಕೆಲಸ ಅಂತ ಕೇಳುವುದಿಲ್ಲ. ‘ಆಫೀಸಿನವರಿಗೆ ಗೊತ್ತಾದರೆ?’ ಅನ್ನುವ ಅವರ ಭಯಕ್ಕೆ ಇದು ಒಳ್ಳೆಯದು. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಪೂರ್ತಿ ಬಿಟ್ಟಿರುವ ವಿಷಯದಲ್ಲಿ ಈ ದಾರಿ ಬೇರೆ ಚಿಕಿತ್ಸೆಗಳಷ್ಟೇ, ಕೆಲವೊಮ್ಮೆ ಅವಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕಂಡಿತು.

ಯೋಗದ ಬಗ್ಗೆಯೂ ಕೇಳಿದ್ದೀಯ. ಮಾಡಲಿ, ಖಂಡಿತ ಮಾಡಲಿ. ನಿಮ್ಹಾನ್ಸ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕುಡಿತದ ಚಟವಿದ್ದ 30 ಜನರಿಗೆ ಎರಡು ವಾರ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ ಮಾಡಿಸಿದರು. ಮಾಡದವರಿಗಿಂತ ಅವರ ಮನಸ್ಸಿನ ಕುಗ್ಗು ಚೆನ್ನಾಗಿ ಇಳಿಯಿತು. ಆದರೆ ಅಲ್ಲೂ ಮೊದಲ ವಾರ ನಂಜು ಇಳಿಸುವ ಚಿಕಿತ್ಸೆಯೇ ನಡೆದಿತ್ತು, ಅದನ್ನು ಮರೆಯಬೇಡ. ಮಾತ್ರೆ ಬೇಡ, ಪ್ರಾಣಾಯಾಮವೇ ಸಾಕು ಅನ್ನುವವರ ಹತ್ತಿರ ಹೋಗಲೇಬೇಡ.

ಅಲನ್ ಮಾರ್ಲಾಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಹೇಳಿಕೊಟ್ಟ ಒಂದು ಉಪಾಯವನ್ನು ಅವರಿಗೆ ಹೇಳು. ಕುಡಿಯಬೇಕು ಅನ್ನುವ ಆಸೆ ಸಮುದ್ರದ ಅಲೆಯ ಹಾಗೆ ಏಳುತ್ತದೆ, ಏರುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ ತಡೆದರೆ ಜೋರು ಕಡಿಮೆಯಾಗುತ್ತದೆ. ಅದರ ಜೊತೆ ಗುದ್ದಾಡಬಾರದು. ಎಲ್ಲಿ ಬಿಗಿಯುತ್ತಿದೆ, ಗಂಟಲಲ್ಲಾ, ಹೊಟ್ಟೆಯಲ್ಲಾ, ಉಸಿರು ಹೇಗಿದೆ ಅಂತ ಸುಮ್ನೆ ಗಮನಿಸುತ್ತಾ ಕೂರಬೇಕು. ಆ ಅರ್ಧ ಗಂಟೆ ನೀನೂ ಏನೂ ಕೇಳಬೇಡ, ಬೈಯಬೇಡ. ಮಧ್ಯೆ ಒಂದು ದಿನ ಜಾರಿ ಬಿದ್ದರೂ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡ. ಬಿಪಿ, ಶುಗರ್ ಮತ್ತೆ ಏರಿದರೆ ಡಾಕ್ಟರ ಹತ್ತಿರ ಹೋಗುವುದಿಲ್ಲವೇ, ಹಾಗೇ ಮತ್ತೆ ಹೋಗಬೇಕು.

ಇನ್ನು ನಿನ್ನ ವಿಷಯ. ಅವರ ಕುಡಿತ ನಿನ್ನಿಂದ ಬಂದದ್ದಲ್ಲ. ನಿಮ್ಮ ಅತ್ತೆಯವರು ಏನೇ ಹೇಳಲಿ, ಈ ಮಾತನ್ನು ಗಟ್ಟಿಯಾಗಿ ಹಿಡಿದುಕೋ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಗುಂಪುಗಳಿವೆ, ಅವರು ಬರಲಿ ಬಿಡಲಿ, ನೀನು ಹೋಗಬಹುದು. ರಾತ್ರಿ ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ, ಯಾವ ಹೊತ್ತಿಗಾದರೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಳಿಯಂದಿರು ನಿನ್ನ ಮೇಲೆ ಕೈ ಎತ್ತಿದ ದಿನ ಮಾತ್ರ ಯಾರ ಮುಖವನ್ನೂ ನೋಡಬೇಡ, ಮಕ್ಕಳನ್ನು ಕರೆದುಕೊಂಡು ಸೀದಾ ಇಲ್ಲಿಗೆ ಬಾ.

ಬೆಳಿಗ್ಗೆ ಅವರು ಕುಡಿಯದೆ ಸಮಾಧಾನವಾಗಿದ್ದಾಗ ಈ ಪತ್ರ ಅವರಿಗೇ ಓದಲು ಕೊಡು. ನಾನು ಬರೆದದ್ದರಲ್ಲಿ ಅವರಿಂದ ಮುಚ್ಚಿಡುವಂಥದ್ದು ಏನೂ ಇಲ್ಲ. ಒಪ್ಪಿದರೆ ಡಾಕ್ಟರ ಹತ್ತಿರ ನಾನೂ ಜೊತೆಗೆ ಬರುತ್ತೇನೆ. ಅಡ್ಮಿಟ್ ಮಾಡಬೇಕಾಗಿ ಬಂದರೆ ಆ ದಿನಗಳಲ್ಲಿ ಮಕ್ಕಳನ್ನು ನಿಮ್ಮಪ್ಪ ನೋಡಿಕೊಳ್ಳುತ್ತಾರೆ, ಆಗಲೇ ಕೇಳಿದ್ದೇನೆ.

ನಿನ್ನ
ಅಮ್ಮ